11, 12ನೇ ಕ್ಲಾಸಿನಲ್ಲಿ ಪೇಂಟಿಂಗ್ ತಗೊಳ್ಳುವವರಿಗೆ: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಹುಷಾರಾಗಿರಬೇಕು

ಹತ್ತನೇ ಕ್ಲಾಸಿನ ರಿಸಲ್ಟ್ ಬಂದ ಮೇಲೆ ಪ್ರತಿ ವರ್ಷ ಓದುಗರಿಂದ ಇದೇ ಪ್ರಶ್ನೆಗಳು. "ಮಗಳು ಚೆನ್ನಾಗಿ ಚಿತ್ರ ಬಿಡಿಸುತ್ತಾಳೆ, ಹನ್ನೊಂದನೇ ಕ್ಲಾಸಿಗೆ ಪೇಂಟಿಂಗ್ ಅಂತ ಒಂದು ವಿಷಯ ಇದೆಯಂತೆ, ಕೊಡಿಸಬಹುದಾ?" "ಅದರಲ್ಲಿ ಮಾರ್ಕ್ಸ್ ಸುಲಭವಾಗಿ ಬರುತ್ತಂತೆ, ನಿಜಾನಾ?" "ಪಿಯುಸಿಯಲ್ಲಿ ಸಿಗುತ್ತಾ?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಓದುವ ಮಕ್ಕಳಿಗೇ ನೇರವಾಗಿ ಹೇಳಿದ್ದೇನೆ. ಅಪ್ಪ ಅಮ್ಮ ಪಕ್ಕದಲ್ಲಿ ಕೂತು ಓದಿಕೊಳ್ಳಲಿ.

ಮಾರ್ಕ್ಸ್ ಸುಲಭ ಅನ್ನುವ ಮಾತಿಗೆ ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ. ಎರಡು ವರ್ಷ ದಿನಾ ಸ್ವಲ್ಪ ಸ್ವಲ್ಪ ಬಿಡಿಸಿದವರಿಗೆ ಸುಲಭ. ಕೊನೇ ತಿಂಗಳಲ್ಲಿ ನಿದ್ದೆಗೆಟ್ಟು ಮುಗಿಸುತ್ತೇನೆ ಅನ್ನುವವರಿಗೆ ಇದಕ್ಕಿಂತ ಕಷ್ಟದ ವಿಷಯ ಇನ್ನೊಂದಿಲ್ಲ. ಯಾಕಂದ್ರೆ ಇಲ್ಲಿ ಬಾಯಿಪಾಠ ನಡೆಯುವುದು ಸ್ವಲ್ಪವೇ. ಎದುರಿಗಿಟ್ಟ ವಸ್ತುವನ್ನು ನೋಡಿ ಬಿಡಿಸಬೇಕು, ಮತ್ತು ನೋಡುವುದಕ್ಕೆ ಕಣ್ಣು ಪಳಗುವುದು ನಿಧಾನ.

ಹಂತ 1: ನಿಮ್ಮ ಬೋರ್ಡಿನಲ್ಲಿ, ನಿಮ್ಮ ಶಾಲೆಯಲ್ಲಿ ಇದು ಇದೆಯಾ ನೋಡಿ

ಸಿಬಿಎಸ್‌ಇ ಬೋರ್ಡಿನಲ್ಲಿ 11 ಮತ್ತು 12ನೇ ಕ್ಲಾಸಿಗೆ ಫೈನ್ ಆರ್ಟ್ಸ್ ಹೆಸರಿನಲ್ಲಿ ನಾಲ್ಕು ವಿಷಯಗಳಿವೆ. ಪೇಂಟಿಂಗ್ (ಕೋಡ್ 049), ಗ್ರಾಫಿಕ್ಸ್ (050), ಶಿಲ್ಪಕಲೆ (051), ಅಪ್ಲೈಡ್ ಆರ್ಟ್ (052). ಗ್ರಾಫಿಕ್ಸ್ ಅಂದರೆ ಕಂಪ್ಯೂಟರ್ ಗ್ರಾಫಿಕ್ಸ್ ಅಲ್ಲ. ಮರ ಅಥವಾ ಲಿನೋ ಹಾಳೆ ಕೆತ್ತಿ, ಶಾಯಿ ಬಳಿದು ಅಚ್ಚು ತೆಗೆಯುವ ಮುದ್ರಣ ಕಲೆ. ಅಪ್ಲೈಡ್ ಆರ್ಟ್ ಅಂದರೆ ಪೋಸ್ಟರ್, ಜಾಹೀರಾತು, ಅಕ್ಷರ ವಿನ್ಯಾಸದ ಕಡೆಯದು. ನಾಲ್ಕರಲ್ಲಿ ಒಂದನ್ನು ಮಾತ್ರ ತಗೋಬಹುದು. ಹೆಚ್ಚಿನ ಶಾಲೆಗಳಲ್ಲಿ ಸಿಗುವುದು ಪೇಂಟಿಂಗ್, ಹಾಗಾಗಿ ಇಲ್ಲಿ ಅದರ ಬಗ್ಗೆಯೇ ಬರೆಯುತ್ತೇನೆ.

ನಮ್ಮ ರಾಜ್ಯದ ಪಿಯುಸಿಯಲ್ಲಿ ಸಾಮಾನ್ಯವಾಗಿ ಸಿಗುವ ಕಾಂಬಿನೇಷನ್‌ಗಳಲ್ಲಿ ಪೇಂಟಿಂಗ್ ಇಲ್ಲ. ಅದಕ್ಕೆ ಬೇಜಾರಾಗಬೇಡಿ, ಪಿಯುಸಿ ಮಕ್ಕಳಿಗೆ ಬೇರೆ ದಾರಿ ಇದೆ. ಅದನ್ನು ಕೊನೇ ಹಂತದಲ್ಲಿ ಹೇಳಿದ್ದೇನೆ. ಐಎಸ್‌ಸಿ ಬೋರ್ಡಿನಲ್ಲಿ ಆರ್ಟ್ ಅನ್ನುವ ವಿಷಯ ಇದೆ. ಶಾಲೆಗೆ ಹೋಗದೆ ಓದುವವರಿಗೆ ಎನ್‌ಐಒಎಸ್‌ನ ಸೀನಿಯರ್ ಸೆಕೆಂಡರಿಯಲ್ಲೂ ಪೇಂಟಿಂಗ್ ಸಿಗುತ್ತದೆ.

ಇಲ್ಲಿ ಒಂದು ಹುಷಾರಿ. ಶಾಲೆಯ ಪ್ರಾಸ್ಪೆಕ್ಟಸ್‌ನಲ್ಲಿ "ಪೇಂಟಿಂಗ್" ಅಂತ ಅಚ್ಚಾಗಿದೆ ಅಂದ ಮಾತ್ರಕ್ಕೆ ಅದನ್ನು ಕಲಿಸುವವರು ಇದ್ದಾರೆ ಅಂತಲ್ಲ. ಅಡ್ಮಿಷನ್‌ಗೆ ಹೋದಾಗ ಮೂರು ವಿಷಯ ಕೇಳಿ. 11, 12ನೇ ಕ್ಲಾಸಿಗೆ ಅಂತಲೇ ಆರ್ಟ್ ಟೀಚರ್ ಇದ್ದಾರಾ? ವಾರಕ್ಕೆ ಎಷ್ಟು ಪೀರಿಯಡ್, ಅದರಲ್ಲಿ ಎರಡು ಪೀರಿಯಡ್ ಒಟ್ಟಿಗೆ ಸಿಗುತ್ತಾ? ಹಿಂದಿನ ಬ್ಯಾಚಿನವರ ಕೆಲಸ ತೋರಿಸುತ್ತೀರಾ? ಮೂರನೆಯದು ಮುಖ್ಯ. ನಲವತ್ತು ನಿಮಿಷದ ಬಿಡಿ ಪೀರಿಯಡ್‌ನಲ್ಲಿ ಬಣ್ಣ ತೆಗೆದು, ನೀರು ತಂದು, ಕೂರುವಷ್ಟರಲ್ಲಿ ಬೆಲ್ ಹೊಡೆಯುತ್ತದೆ. ಅಂಥ ಶಾಲೆಯಲ್ಲಿ ಮಕ್ಕಳ ಕೆಲಸ ಅರ್ಧಂಬರ್ಧ ಇರುತ್ತದೆ, ಒಂದು ಸಲ ನೋಡಿದರೆ ಗೊತ್ತಾಗುತ್ತದೆ.

ಹಂತ 2: ಯಾವುದರ ಜೊತೆ ತಗೊಳ್ಳಬೇಕು

ಪೇಂಟಿಂಗ್ ಆರ್ಟ್ಸ್ ಮಕ್ಕಳಿಗೆ ಮಾತ್ರ ಅನ್ನುವುದು ಸುಳ್ಳು. ಶಾಲೆ ಒಪ್ಪಿದರೆ ಸೈನ್ಸ್ ಅಥವಾ ಕಾಮರ್ಸ್ ಜೊತೆಗೂ ಐದನೇ ವಿಷಯವಾಗಿ ತಗೋಬಹುದು, ಆರನೇ ವಿಷಯವಾಗಿಯೂ ತಗೋಬಹುದು. ಆರ್ಕಿಟೆಕ್ಚರ್ ಕಡೆ ಮನಸ್ಸಿದ್ದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಇಂಗ್ಲಿಷ್, ಪೇಂಟಿಂಗ್ ಒಳ್ಳೆಯ ಜೋಡಿ. ಬಿ.ಆರ್ಕ್‌ಗೆ ಮ್ಯಾಥ್ಸ್ ಬೇಕೇ ಬೇಕು, ಅದರ ಪ್ರವೇಶಕ್ಕೆ ಬರೆಯುವ ನಾಟಾ ಪರೀಕ್ಷೆಗೆ ಡ್ರಾಯಿಂಗ್ ಬೇಕು, ಎರಡೂ ಇದರಲ್ಲಿ ಬರುತ್ತವೆ. ಡಿಸೈನ್ ಅಥವಾ ಫೈನ್ ಆರ್ಟ್ಸ್ ಡಿಗ್ರಿಗೆ ಹೋಗುವವರು ಯಾವ ಸ್ಟ್ರೀಮಿನಲ್ಲಿದ್ದರೂ ನಡೆಯುತ್ತದೆ.

ನೀಟ್ ಕೋಚಿಂಗ್ ಜೊತೆಗೆ ಇದನ್ನೂ ಇಟ್ಟುಕೊಳ್ಳುತ್ತೇನೆ ಅನ್ನುವವರಿಗೆ ಮಾತ್ರ ನನ್ನದು ಬೇಡ ಅನ್ನುವ ಸಲಹೆ. ಬುದ್ಧಿ ಸಾಲದು ಅಂತಲ್ಲ, ಟೈಮ್ ಸಾಲದು. ಒಂದು ಚಿತ್ರಕ್ಕೆ ಮೂರು ತಾಸು ಒಂದೇ ಸಮ ಕೂರಬೇಕು. ಕೋಚಿಂಗಿನ ಮಧ್ಯೆ ಆ ಮೂರು ತಾಸು ಸಿಗುವುದಿಲ್ಲ.

ಇನ್ನೊಂದು, 11ನೇ ಕ್ಲಾಸಿನಲ್ಲಿ ತಗೊಂಡದ್ದನ್ನೇ 12ರಲ್ಲೂ ಮುಂದುವರಿಸಬೇಕಾಗುತ್ತದೆ. ಮಧ್ಯದಲ್ಲಿ ವಿಷಯ ಬದಲಿಸುವುದು ಬಹಳ ತಲೆನೋವು. ಹಾಗಾಗಿ 11ರ ಶುರುವಿನಲ್ಲೇ, ಮೊದಲ ಕೆಲವು ವಾರಗಳಲ್ಲೇ, ಇದು ನನಗೆ ಆಗುತ್ತಾ ಅಂತ ತೀರ್ಮಾನಿಸಿ.

ಹಂತ 3: ಮಾರ್ಕ್ಸ್ ಎಲ್ಲೆಲ್ಲಿ ಇದೆ ಅಂತ ತಿಳಿದುಕೊಳ್ಳಿ

ಸಿಬಿಎಸ್‌ಇಯಲ್ಲಿ ಒಟ್ಟು 100. ಥಿಯರಿಗೆ 30, ಎರಡು ತಾಸಿನ ಪೇಪರ್. ಪ್ರಾಕ್ಟಿಕಲ್‌ಗೆ 70. ಆ 70ರಲ್ಲಿ ವಸ್ತು ಮತ್ತು ನಿಸರ್ಗ ಚಿತ್ರಣಕ್ಕೆ 25, ಸಂಯೋಜನೆಗೆ 25, ಪೋರ್ಟ್‌ಫೋಲಿಯೋಗೆ 20. ಮೊದಲ ಎರಡಕ್ಕೆ ಮೂರು ಮೂರು ತಾಸು, ಒಟ್ಟು ಆರು ತಾಸು.

ಈ ಪದಗಳು ಹೊಸದು ಅನ್ನಿಸಿದರೆ: ವಸ್ತು ಚಿತ್ರಣ ಅಂದರೆ ಎದುರಿಗೆ ಎರಡು ಮೂರು ಸಾಮಾನು ಇಟ್ಟು, ಹಿಂದೆ ಬಟ್ಟೆ ಇಳಿಬಿಟ್ಟು, ಅದನ್ನು ನೋಡಿ ಬಿಡಿಸುವುದು. ಸ್ಟಿಲ್ ಲೈಫ್ ಅನ್ನುವುದು ಇದಕ್ಕೇ. ಸಂಯೋಜನೆ ಅಂದರೆ ಕಂಪೋಸಿಷನ್, ಒಂದು ವಿಷಯ ಕೊಡುತ್ತಾರೆ, ಅದರ ಮೇಲೆ ನಿಮ್ಮ ಕಲ್ಪನೆಯಿಂದ ಚಿತ್ರ ಕಟ್ಟಬೇಕು. ಪೋರ್ಟ್‌ಫೋಲಿಯೋ ಅಂದರೆ ವರ್ಷ ಪೂರ್ತಿ ಮಾಡಿದ ಕೆಲಸದ ಕಡತ.

ಎಲ್ಲರೂ ಎಡವುವ ಜಾಗ ಒಂದಿದೆ. ಥಿಯರಿ ಮತ್ತು ಪ್ರಾಕ್ಟಿಕಲ್ ಎರಡರಲ್ಲೂ ಬೇರೆ ಬೇರೆಯಾಗಿ ಶೇಕಡ 33 ತಗೊಂಡು ಪಾಸಾಗಬೇಕು. ಪ್ರಾಕ್ಟಿಕಲ್‌ನಲ್ಲಿ 68 ಬಂದು ಥಿಯರಿಯಲ್ಲಿ 7 ಬಂದರೆ ಪ್ರಯೋಜನವಿಲ್ಲ. "ಹೇಗಿದ್ರೂ ಪೇಂಟಿಂಗ್ ಅಲ್ವಾ" ಅಂತ ಥಿಯರಿ ಪುಸ್ತಕ ಮುಟ್ಟದೇ ಇರುವ ಮಕ್ಕಳು ಬಹಳ.

ಹಂತ 4: ಸಾಮಾನು ಕೊಳ್ಳುವುದು

ದುಬಾರಿ ಬಣ್ಣದಿಂದ ಒಳ್ಳೆಯ ಚಿತ್ರ ಬರುವುದಿಲ್ಲ. ಆದರೆ ಕಳಪೆ ಕಾಗದದಿಂದ ಕೆಟ್ಟ ಚಿತ್ರ ಖಂಡಿತ ಬರುತ್ತದೆ. ದುಡ್ಡು ಉಳಿಸುವುದಾದರೆ ಬಣ್ಣದಲ್ಲಿ ಉಳಿಸಿ, ಕಾಗದದಲ್ಲಿ ಬೇಡ.

ಪೆನ್ಸಿಲ್ ನಾಲ್ಕು ಸಾಕು: ಎಚ್‌ಬಿ, 2ಬಿ, 4ಬಿ, 6ಬಿ. ಅಂಕಿ ಜಾಸ್ತಿಯಾದಷ್ಟೂ ಮೆತ್ತಗೆ, ಕಪ್ಪು ಜಾಸ್ತಿ. ರಫ್ ಕೆಲಸಕ್ಕೆ ಕಾರ್ಟ್ರಿಡ್ಜ್ ಶೀಟ್. ಪರೀಕ್ಷೆಯ ಅಳತೆಯ ಅಭ್ಯಾಸಕ್ಕೆ ಹಾಫ್ ಇಂಪೀರಿಯಲ್ ಶೀಟ್, ಅಂದರೆ ಸುಮಾರು 15 ಇಂಚು ಅಗಲ, 22 ಇಂಚು ಉದ್ದ. ಮನೆಯಲ್ಲಿ ಎ4 ಹಾಳೆಯಲ್ಲೇ ಬಿಡಿಸಿ ರೂಢಿಯಾದವರಿಗೆ ಇಷ್ಟು ದೊಡ್ಡ ಹಾಳೆ ಎದುರಿಗೆ ಬಂದಾಗ ಕೈ ನಡುಗುತ್ತದೆ, ಮಧ್ಯದಲ್ಲಿ ಪುಟ್ಟದಾಗಿ ಒಂದು ಚೊಂಬು ಬಿಡಿಸಿ ಸುತ್ತ ಖಾಲಿ ಬಿಟ್ಟು ಬರುತ್ತಾರೆ. 11ನೇ ಕ್ಲಾಸಿನಿಂದಲೇ ತಿಂಗಳಿಗೆ ಎರಡಾದರೂ ದೊಡ್ಡ ಹಾಳೆಯಲ್ಲಿ ಮಾಡಿ.

ಬಣ್ಣ ಜಲವರ್ಣವೋ ಪೋಸ್ಟರ್ ಕಲರೋ ನಿಮ್ಮಿಷ್ಟ. ಜಲವರ್ಣ ಅಂದರೆ ವಾಟರ್ ಕಲರ್, ಪಾರದರ್ಶಕ. ತಿಳಿಯಿಂದ ಗಾಢಕ್ಕೆ ಹೋಗಬೇಕು, ಬಿಳಿ ಬೇಕಾದ ಕಡೆ ಕಾಗದವನ್ನೇ ಬಿಡಬೇಕು, ತಪ್ಪಾದರೆ ಮುಚ್ಚುವುದು ಕಷ್ಟ. ಪೋಸ್ಟರ್ ಕಲರ್ ದಪ್ಪ, ಕೆಳಗಿನದ್ದನ್ನು ಮುಚ್ಚುತ್ತದೆ, ಗಾಢದ ಮೇಲೆ ತಿಳಿ ಬಣ್ಣ ಹಾಕಬಹುದು. ಮೂರು ತಾಸಿನ ಪರೀಕ್ಷೆಗೆ ಶುರುವಿನವರಿಗೆ ಪೋಸ್ಟರ್ ಕಲರ್ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಜಲವರ್ಣದಲ್ಲಿ ಕೈ ಕುದುರಿದವರು ಅದನ್ನೇ ಬಿಡದೆ ಹಿಡಿಯಲಿ. ಬ್ರಷ್ ದುಂಡಗಿನದು ಮೂರು, 2, 6, 10ನೇ ನಂಬರ್. ಚಪ್ಪಟೆಯದು ಒಂದು. ಬೋರ್ಡು, ಕ್ಲಿಪ್, ಹಳೆ ಕಾಟನ್ ಬಟ್ಟೆ, ನೀರಿಗೆ ಎರಡು ಡಬ್ಬ. ಎರಡು ಯಾಕಂದ್ರೆ ಒಂದರಲ್ಲಿ ಬ್ರಷ್ ತೊಳೆಯುವುದು, ಇನ್ನೊಂದರ ಶುದ್ಧ ನೀರು ಬಣ್ಣ ಕಲಸುವುದಕ್ಕೆ. ಒಂದೇ ಡಬ್ಬ ಇಟ್ಟುಕೊಂಡವರ ಹಳದಿ ಅರ್ಧ ತಾಸಿನಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ.

ಹಂತ 5: ದಿನಾ ಸ್ಕೆಚ್, ನಿಜವಾದ ವಸ್ತು ನೋಡಿಯೇ

ಒಂದು ಸಣ್ಣ ಸ್ಕೆಚ್ ಪುಸ್ತಕ ಬ್ಯಾಗಿನಲ್ಲೇ ಇರಲಿ. ದಿನಾ ಇಪ್ಪತ್ತು ನಿಮಿಷ. ಬಸ್ ಸ್ಟ್ಯಾಂಡಿನಲ್ಲಿ ಕೂತ ಅಜ್ಜ, ಅಡುಗೆಮನೆಯ ಈಳಿಗೆ ಮಣೆ, ಚಪ್ಪಲಿ, ನೇತುಹಾಕಿದ ಅಂಗಿ, ಮಲಗಿದ ನಾಯಿ, ಏನಾದರೂ ಸರಿ. ಚೆನ್ನಾಗಿ ಬರಲೇಬೇಕು ಅಂತ ಇಲ್ಲ. ಅಳಿಸುವ ರಬ್ಬರನ್ನು ಈ ಪುಸ್ತಕದ ಹತ್ತಿರ ತರಬೇಡಿ. ಅಳಿಸುತ್ತಾ ಕೂತರೆ ಅಜ್ಜ ಎದ್ದು ಬಸ್ ಹತ್ತಿರುತ್ತಾರೆ.

ಒಂದೇ ಒಂದು ಕಟ್ಟುನಿಟ್ಟು: ಫೋನಿನಲ್ಲಿರುವ ಚಿತ್ರ ನೋಡಿ ಬಿಡಿಸಬೇಡಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಫೋಟೋದಲ್ಲಿ ಕ್ಯಾಮೆರಾ ಆಗಲೇ ಮೂರು ಆಯಾಮವನ್ನು ಎರಡಕ್ಕೆ ಇಳಿಸಿರುತ್ತದೆ, ಅಂಚು ಕತ್ತರಿಸಿರುತ್ತದೆ, ಬೆಳಕು ತೀರ್ಮಾನಿಸಿರುತ್ತದೆ. ನೀವು ಮಾಡಬೇಕಾದ ಕೆಲಸವನ್ನು ಅದು ಮಾಡಿ ಮುಗಿಸಿದೆ, ನಿಮಗೆ ಉಳಿಯುವುದು ನಕಲು. ನಟರ ಮುಖವನ್ನು ಫೋಟೋ ನೋಡಿ ಕೂದಲು ಕೂದಲಿಗೂ ಶೇಡ್ ಮಾಡುವ ಮಕ್ಕಳು ಎಷ್ಟೋ ಜನ. ಮನೆಗೆ ಬಂದವರೆಲ್ಲ ಹೊಗಳುತ್ತಾರೆ. ಅದೇ ಮಗುವಿನ ಮುಂದೆ ಒಂದು ಬದನೆಕಾಯಿ, ಒಂದು ಸ್ಟೀಲ್ ಲೋಟ ಇಟ್ಟರೆ ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯುವುದಿಲ್ಲ. ಪರೀಕ್ಷೆಯಲ್ಲಿ ಇಡುವುದು ಬದನೆಕಾಯಿಯನ್ನೇ.

ಹಂತ 6: ವಸ್ತು ಚಿತ್ರಣ, ಮೂರು ತಾಸಿನ ಲೆಕ್ಕ

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಹಿತ್ತಾಳೆ ಚೊಂಬು, ಎರಡು ಬಾಳೆಹಣ್ಣು, ಹಿಂದೆ ನೀಲಿ ಬಟ್ಟೆ ಇಟ್ಟಿದ್ದಾರೆ ಅಂತ ಇಟ್ಟುಕೊಳ್ಳಿ.

ಮೊದಲ ಹತ್ತು ನಿಮಿಷ ದೊಡ್ಡ ಹಾಳೆ ಮುಟ್ಟಬೇಡಿ. ರಫ್ ಹಾಳೆಯಲ್ಲಿ ಬೆಂಕಿಪೊಟ್ಟಣದ ಅಳತೆಯ ಎರಡು ಮೂರು ಪುಟ್ಟ ಚಿತ್ರ ಗೀಚಿ. ಇದಕ್ಕೆ ಥಂಬ್‌ನೇಲ್ ಅನ್ನುತ್ತಾರೆ. ಹಾಳೆ ಅಡ್ಡ ಇರಬೇಕಾ, ಉದ್ದ ಇರಬೇಕಾ, ಚೊಂಬು ಮಧ್ಯದಿಂದ ಎಷ್ಟು ಪಕ್ಕಕ್ಕೆ ಸರಿಯಬೇಕು ಅನ್ನುವುದೆಲ್ಲ ಇಲ್ಲೇ ತೀರ್ಮಾನ ಆಗಲಿ.

ಆಮೇಲೆ ಅಳತೆ. ಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಹಿಡಿದು ಚೊಂಬಿನ ಅಗಲ ಅಳೆಯಿರಿ, ಅದೇ ಅಗಲ ಎತ್ತರದಲ್ಲಿ ಎಷ್ಟು ಸಲ ಬರುತ್ತೆ ನೋಡಿ. ಮೊಣಕೈ ಮಡಚಿದರೆ ಪ್ರತಿ ಸಲ ಬೇರೆ ಅಳತೆ ಬರುತ್ತದೆ, ಕೈ ನೇರವಾಗಿಯೇ ಇರಲಿ.

ಈಗ ಚೊಂಬಿನ ಬಾಯಿ. ಅದು ವೃತ್ತ ಅಂತ ನಿಮಗೆ ಗೊತ್ತು, ಆದರೆ ಕುರ್ಚಿಯಲ್ಲಿ ಕೂತವರ ಕಣ್ಣಿಗೆ ಅದು ಚಪ್ಪಟೆಯಾದ ಅಂಡಾಕಾರ. ಕಣ್ಣಿನ ಮಟ್ಟಕ್ಕೆ ಹತ್ತಿರ ಬಂದಷ್ಟೂ ಚಪ್ಪಟೆ, ಕೆಳಗೆ ಇಳಿದಷ್ಟೂ ತೆರೆದುಕೊಳ್ಳುತ್ತದೆ. ಅಂದರೆ ಬಾಯಿಗಿಂತ ತಳ ಜಾಸ್ತಿ ಬಾಗಿರಬೇಕು. ಹೆಚ್ಚಿನವರು ಏನು ಮಾಡುತ್ತಾರೆ? ಬಾಯಿಯನ್ನು ಚೆನ್ನಾಗಿ ದುಂಡಗೆ ಬಿಡಿಸಿ, ತಳಕ್ಕೆ ಬಂದಾಗ ಒಂದು ನೇರ ಗೆರೆ ಎಳೆದುಬಿಡುತ್ತಾರೆ. ಚೊಂಬು ಮೇಜಿನ ಮೇಲೆ ಇದೆ, ಮೇಜು ನೇರ ಇದೆ, ಹಾಗಾಗಿ ತಳವೂ ನೇರ ಅನ್ನುವ ಲೆಕ್ಕ ತಲೆಯಲ್ಲಿ ಓಡುತ್ತದೆ, ಕಣ್ಣು ಹೇಳಿದ್ದನ್ನು ಕೈ ಕೇಳುವುದೇ ಇಲ್ಲ. ಪರೀಕ್ಷಕರಿಗೆ ಇದೊಂದು ಗೆರೆ ಸಾಕು, ಈ ಮಗು ನೋಡಿ ಬಿಡಿಸಿದೆಯಾ ಗೊತ್ತಿದ್ದದ್ದನ್ನು ಬಿಡಿಸಿದೆಯಾ ಅಂತ ಹೇಳುವುದಕ್ಕೆ. ಮನೆಯಲ್ಲಿ ಅಭ್ಯಾಸಕ್ಕೆ ಒಂದು ಗಾಜಿನ ಲೋಟಕ್ಕೆ ಅರ್ಧ ನೀರು ತುಂಬಿ ಇಡಿ. ಬಾಯಿ, ನೀರಿನ ಮಟ್ಟ, ತಳ ಹೀಗೆ ಮೂರು ಅಂಡಾಕಾರ ಒಂದರ ಕೆಳಗೊಂದು ಕಾಣುತ್ತವೆ. ಮೂರೂ ಬೇರೆ ಬೇರೆ ತೆರೆದಿರುತ್ತವೆ. ವಾರಕ್ಕೊಮ್ಮೆ ಅದನ್ನು ಬಿಡಿಸಿ.

ಗೆರೆ ಕೆಲಸ ಒಂದು ತಾಸು ದಾಟದಿರಲಿ. ಬಣ್ಣಕ್ಕೆ ಒಂದೂವರೆ ತಾಸಾದರೂ ಬೇಕು. ಮೊದಲು ಹಿನ್ನೆಲೆಯ ದೊಡ್ಡ ಭಾಗಗಳು, ಆಮೇಲೆ ವಸ್ತುಗಳು. ಬೆಳಕು ಎಡದಿಂದ ಬರುತ್ತಿದ್ದರೆ ಎಲ್ಲ ನೆರಳೂ ಬಲಕ್ಕೆ ಬೀಳಬೇಕು. ಚೊಂಬಿಗೆ ಒಂದು ಕಡೆಯಿಂದ, ಬಾಳೆಹಣ್ಣಿಗೆ ಇನ್ನೊಂದು ಕಡೆಯಿಂದ ಬೆಳಕು ಬಿಟ್ಟ ಚಿತ್ರಗಳು ಬೇಕಾದಷ್ಟಿವೆ. ನೆರಳಿಗೆ ಡಬ್ಬದ ಕಪ್ಪು ಬಳಿಯಬೇಡಿ, ಚಿತ್ರ ಮಂಕಾಗುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಅನ್ನುವ ಕಂದು ಸೇರಿಸಿ ನೋಡಿ, ಜೀವ ಇರುವ ಗಾಢ ಬೂದು ಬರುತ್ತದೆ. ಹಿತ್ತಾಳೆಯ ಮೇಲೆ ನೀಲಿ ಬಟ್ಟೆಯ ಬಣ್ಣ ಸ್ವಲ್ಪ ಹೊಳೆಯುತ್ತಿರುತ್ತದೆ, ಬಾಳೆಹಣ್ಣಿನ ಹಳದಿಯೂ ಬಿದ್ದಿರುತ್ತದೆ. ಅದನ್ನು ಕಂಡು ಹಾಕಿದವರ ಚೊಂಬು ಬೇರೆಯವರ ಚೊಂಬಿಗಿಂತ ಎದ್ದು ಕಾಣುತ್ತದೆ. ಕೊನೆಯ ಹತ್ತು ನಿಮಿಷ ಎದ್ದು ನಿಂತು, ದೂರದಿಂದ ಕಣ್ಣು ಕಿರಿದು ಮಾಡಿ ನೋಡಿ.

ಹಂತ 7: ಸಂಯೋಜನೆ

ಜಾತ್ರೆ, ಮಳೆಗಾಲ, ಸಂತೆ, ಆಟವಾಡುವ ಮಕ್ಕಳು, ಇಂಥ ಕಡೆಯಿಂದ ವಿಷಯಗಳು ಬರುತ್ತವೆ. ಕೆಲವನ್ನು ಕೊಟ್ಟು ಒಂದನ್ನು ಆರಿಸಿಕೊಳ್ಳಿ ಅನ್ನುತ್ತಾರೆ. ಇಲ್ಲಿ ದಿನಾ ಮಾಡಿದ ಸ್ಕೆಚ್ ಕೈ ಹಿಡಿಯುತ್ತದೆ. ಮನುಷ್ಯರು ಕೂರುವ, ಬಾಗುವ, ಭಾರ ಹೊರುವ ಭಂಗಿಗಳು ಕೈಯಲ್ಲಿದ್ದರೆ ವಿಷಯ ಯಾವುದಾದರೇನು.

"ಸೂರ್ಯ, ಎರಡು ಬೆಟ್ಟ, ನದಿ, ತೆಂಗಿನಮರ, ಗುಡಿಸಲು" ಅನ್ನುವ ಚಿತ್ರವನ್ನು ಇಲ್ಲಿಗೆ ತರಬೇಡಿ, ದಯವಿಟ್ಟು. ಪ್ರಶ್ನೆ ಏನಿದ್ದರೂ ಅದನ್ನೇ ಬಿಡಿಸುವವರು ಇದ್ದಾರೆ. ನಿಮ್ಮೂರ ಜಾತ್ರೆಯಲ್ಲಿ ತೇರು ಇದ್ದರೆ ತೇರು ಬಿಡಿಸಿ. ಆದರೆ ಪೂರ್ತಿ ತೇರು ಬೇಕಿಲ್ಲ. ಒಂದು ಗಾಲಿ, ಹಗ್ಗ ಎಳೆಯುವ ನಾಲ್ಕು ಜನ, ಪಕ್ಕದಲ್ಲಿ ಬಳೆ ಅಂಗಡಿಯ ಹೆಂಗಸು, ಇಷ್ಟರಲ್ಲೇ ಜಾತ್ರೆ ಬಂತು. ಮುಂದಿನ ವ್ಯಕ್ತಿ ದೊಡ್ಡದು, ಹಿಂದಿನವರು ಚಿಕ್ಕವರು, ಒಬ್ಬರನ್ನೊಬ್ಬರು ಸ್ವಲ್ಪ ಮರೆಮಾಡಲಿ. ಫೋಟೋ ಸ್ಟುಡಿಯೋದಲ್ಲಿ ನಿಲ್ಲಿಸಿದ ಹಾಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಬೇಡಿ. ಬಣ್ಣದಲ್ಲಿ ಒಂದು ಪ್ರಧಾನವಾಗಿರಲಿ, ಉಳಿದವು ಅದಕ್ಕೆ ಹೊಂದಿಕೊಳ್ಳಲಿ. ಡಬ್ಬಿಯಲ್ಲಿ ಹನ್ನೆರಡು ಬಣ್ಣ ಇದೆ ಅಂತ ಹನ್ನೆರಡನ್ನೂ ಬಳಿಯಬೇಕಾಗಿಲ್ಲ.

ಹಂತ 8: ಥಿಯರಿ

ಇಲ್ಲಿರುವುದು ಭಾರತೀಯ ಕಲೆಯ ಇತಿಹಾಸ. 11ರಲ್ಲಿ ಆದಿಮಾನವರ ಗುಹಾಚಿತ್ರ, ಸಿಂಧೂ ಕಣಿವೆಯಿಂದ ಶುರುವಾಗಿ ಬೌದ್ಧ, ಜೈನ, ಹಿಂದೂ ಕಲೆ, ದೇವಾಲಯ ಶಿಲ್ಪ, ಕಂಚಿನ ವಿಗ್ರಹ, ಇಂಡೋ ಇಸ್ಲಾಮಿಕ್ ವಾಸ್ತುಶಿಲ್ಪದವರೆಗೆ. 12ರಲ್ಲಿ ರಾಜಸ್ಥಾನಿ ಮತ್ತು ಪಹಾಡಿ ಮಿನಿಯೇಚರ್, ಮೊಘಲ್ ಮತ್ತು ದಖ್ಖನಿ ಶೈಲಿ, ಬೆಂಗಾಲ್ ಸ್ಕೂಲ್ (ಶಾಲೆಯಲ್ಲ, ಕಲ್ಕತ್ತೆಯ ಕಡೆ ಶುರುವಾದ ಒಂದು ಕಲಾಪಂಥ), ಆಮೇಲೆ ಆಧುನಿಕ ಕಲೆ. ಮಿನಿಯೇಚರ್ ಅಂದರೆ ಕೈಯಲ್ಲಿ ಹಿಡಿದು ನೋಡುವಷ್ಟು ಸಣ್ಣ ಚಿತ್ರ, ಅಂಟು ಸೇರಿಸಿದ ನೀರಿನ ಬಣ್ಣದಲ್ಲಿ ಕಾಗದದ ಮೇಲೆ ಬರೆದದ್ದು. ಮ್ಯೂರಲ್ ಅಂದರೆ ಗೋಡೆ ಚಿತ್ರ. ಎನ್‌ಸಿಇಆರ್‌ಟಿ ಪುಸ್ತಕ ಎರಡು ವರ್ಷಕ್ಕೂ ಇದೆ, ಅವರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಗೈಡ್ ಕೊಳ್ಳುವ ಮುಂಚೆ ಅದನ್ನು ಓದಿ. ಗೈಡಿನಲ್ಲಿ ಚಿತ್ರಗಳು ಕಪ್ಪು ಬಿಳುಪು, ಮಸುಕು. ಬಣ್ಣದ ಬಗ್ಗೆ ಬರೆಯಬೇಕಾದ ಉತ್ತರವನ್ನು ಕಪ್ಪು ಬಿಳುಪು ನೋಡಿ ಹೇಗೆ ಬರೆಯುತ್ತೀರಿ?

ಕರ್ನಾಟಕದ ಮಕ್ಕಳಿಗೆ ಇಲ್ಲೊಂದು ಅನುಕೂಲ ಇದೆ, ಯಾರೂ ಬಳಸಿಕೊಳ್ಳುವುದಿಲ್ಲ. ಪಠ್ಯದಲ್ಲಿ ಬರುವ ಎಷ್ಟೋ ಜಾಗ ಇಲ್ಲೇ ಇವೆ. ಬಾದಾಮಿಯ ಮೂರನೇ ಗುಹೆಯಲ್ಲಿ ಚಾಲುಕ್ಯ ಮಂಗಳೇಶ ಹಾಕಿಸಿದ 578ರ ಶಾಸನ ಇದೆ, ಚಿತ್ರಗಳ ಅವಶೇಷವೂ ಇದೆ. ವಿಜಯಪುರದ ಗೋಳಗುಮ್ಮಟ ಮಹಮದ್ ಆದಿಲ್ ಶಾಹನ ಸಮಾಧಿ. ದಖ್ಖನಿ ಶೈಲಿಯ ಒಂದು ಮುಖ್ಯ ಕೇಂದ್ರ ಅದೇ ಊರು, ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನ. ಬೆಂಗಾಲ್ ಸ್ಕೂಲ್ ಅರ್ಥವಾಗುತ್ತಿಲ್ಲ ಅನ್ನುವವರು ಕೆ. ವೆಂಕಟಪ್ಪನವರ ಚಿತ್ರಗಳನ್ನು ನೋಡಿ. ಮೈಸೂರಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಗೋರರ ಹತ್ತಿರ ಕಲಿತವರು ಅವರು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿಯೇ ಇದೆ. ಹೋಗುವ ಮುಂಚೆ ತೆರೆದಿದೆಯಾ ವಿಚಾರಿಸಿಕೊಳ್ಳಿ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಶನ್‌ನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ, ಆಧುನಿಕ ಕಲೆಯ ಪಾಠಕ್ಕೆ ಅದು ಸರಿಯಾದ ಜಾಗ.

ಚಿತ್ರದ ಬಗ್ಗೆ ದೊಡ್ಡ ಉತ್ತರ ಬರೆಯುವಾಗ ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ಹೆಸರು, ಕಲಾವಿದ, ಮಾಧ್ಯಮ, ಶೈಲಿ, ಕಾಲ, ಈಗ ಎಲ್ಲಿದೆ. ಆಮೇಲೆ ಚಿತ್ರದಲ್ಲಿ ಏನು ನಡೆಯುತ್ತಿದೆ. ಕೊನೆಗೆ ಅದನ್ನು ಹೇಗೆ ಕಟ್ಟಿದ್ದಾರೆ: ಗೆರೆ, ಬಣ್ಣ, ಜಾಗ. ಉದಾಹರಣೆಗೆ ರಾಜಾ ರವಿವರ್ಮರ ಸಮುದ್ರರಾಜನ ಗರ್ವಭಂಗದ ಚಿತ್ರ. ಕ್ಯಾನ್ವಾಸಿನ ಮೇಲೆ ತೈಲವರ್ಣ, ಮೈಸೂರು ಅರಮನೆಗಾಗಿ ಮಾಡಿದ್ದು. ಲಂಕೆಗೆ ದಾರಿ ಬಿಡದ ಸಮುದ್ರದ ವಿರುದ್ಧ ರಾಮ ಬಂಡೆಯ ಮೇಲೆ ನಿಂತು ಬಿಲ್ಲು ಹಿಡಿದಿದ್ದಾನೆ, ಅಲೆಗಳ ನಡುವಿನಿಂದ ಸಮುದ್ರರಾಜ ಎದ್ದು ಬಂದು ಬೇಡಿಕೊಳ್ಳುತ್ತಿದ್ದಾನೆ. ಇಷ್ಟು ಎಲ್ಲರೂ ಬರೆಯುತ್ತಾರೆ. ನೀವು ಇನ್ನೊಂದು ಹೆಜ್ಜೆ ಮುಂದೆ ಹೋಗಿ. ರಾಮನ ಬಟ್ಟೆ ಗಾಳಿಗೆ ಹಾರುತ್ತಿದೆ, ಅಲೆ ಮೇಲೇಳುತ್ತಿದೆ, ಆಕಾಶದಲ್ಲಿ ಮೋಡ ಕವಿದಿದೆ. ಅವನ ಕೋಪ ಮುಖದಲ್ಲಿ ಮಾತ್ರ ಇಲ್ಲ, ಸುತ್ತಲಿನ ಎಲ್ಲದರಲ್ಲೂ ಇದೆ. ಹೀಗೆ ಸ್ವಂತ ಕಣ್ಣಿನಿಂದ ಎರಡು ಸಾಲು ಬರೆದರೆ ಗೈಡಿನ ಉತ್ತರಕ್ಕೂ ನಿಮ್ಮದಕ್ಕೂ ವ್ಯತ್ಯಾಸ ಕಾಣುತ್ತದೆ.

ಕಲಸಿಹೋಗುವ ಹೆಸರುಗಳನ್ನು ಬೇರೆ ಪಟ್ಟಿ ಮಾಡಿ. ಅವನೀಂದ್ರನಾಥ, ಗಗನೇಂದ್ರನಾಥ ಅಣ್ಣ ತಮ್ಮ, ಉತ್ತರದಲ್ಲಿ ಅದಲುಬದಲಾಗುವುದು ಮಾಮೂಲು. ಬಣಿ ಠಣಿ ಅನ್ನುವ ಚಿತ್ರ ರಾಜಸ್ಥಾನದ ಕಿಶನ್‌ಗಢದ್ದು, ನಿಹಾಲ್ ಚಂದ್ ಬರೆದದ್ದು. ಬಸೋಹ್ಲಿ, ಗುಲೇರ್, ಕಾಂಗ್ರಾ ಪಹಾಡಿಗೆ ಸೇರಿದವು, ಮೇವಾಡ, ಬೂಂದಿ ರಾಜಸ್ಥಾನಿಗೆ. ಚಿತ್ರದ ಸಣ್ಣ ಪ್ರಿಂಟ್ ತೆಗೆದು, ಹಿಂದೆ ವಿವರ ಬರೆದು, ಬಸ್ಸಿನಲ್ಲಿ ನೋಡುತ್ತಾ ಹೋಗಿ.

ಹಂತ 9: ಪೋರ್ಟ್‌ಫೋಲಿಯೋ

20 ಮಾರ್ಕ್ಸ್ ಇಲ್ಲಿದೆ, ಪರೀಕ್ಷೆಯ ಭಯವಿಲ್ಲದೆ ಬರುವ ಮಾರ್ಕ್ಸ್ ಇದು. ಸ್ಕೆಚ್‌ನಿಂದ ಮುಗಿದ ಚಿತ್ರದವರೆಗೆ ಕೆಲಸ ಹೇಗೆ ಬೆಳೆಯಿತು ಅನ್ನುವುದು ಕಾಣಬೇಕು. ಹಾಗಾಗಿ ರಫ್ ಹಾಳೆಗಳನ್ನು ಬಿಸಾಡಬೇಡಿ. ಎಷ್ಟು ಸ್ಟಿಲ್ ಲೈಫ್, ಎಷ್ಟು ಸಂಯೋಜನೆ, ಜಾನಪದ ಶೈಲಿಯದ್ದು ಎಷ್ಟು ಅನ್ನುವುದನ್ನು ಆ ವರ್ಷದ ಸಿಲಬಸ್ ನೋಡಿ ಪಕ್ಕಾ ಮಾಡಿಕೊಳ್ಳಿ. ಪ್ರತಿ ಚಿತ್ರದ ಹಿಂದೆ ತಾರೀಖು, ಮಾಧ್ಯಮ ಬರೆಯಿರಿ. ಪರೀಕ್ಷೆ ಸಾಮಾನ್ಯವಾಗಿ ಜನವರಿ, ಫೆಬ್ರವರಿಯಲ್ಲಿ ನಡೆಯುತ್ತದೆ, ಡಿಸೆಂಬರ್ ಒಳಗೆ ಕಡತ ಸಿದ್ಧವಿರಲಿ.

ಬೇರೆಯವರ ಕೈಯಲ್ಲಿ ಮಾಡಿಸಿದ ಚಿತ್ರ ಸೇರಿಸಬೇಡಿ. ಟ್ಯೂಷನ್ ಮೇಷ್ಟ್ರು "ಸ್ವಲ್ಪ ಸರಿ ಮಾಡಿಕೊಡುತ್ತೇನೆ" ಅಂತ ಬ್ರಷ್ ಹಿಡಿದರೂ ನಯವಾಗಿ ಬೇಡ ಅನ್ನಿ. ಪರೀಕ್ಷೆಯಲ್ಲಿ ನೀವು ಬಿಡಿಸಿದ್ದು ಮತ್ತು ಕಡತದಲ್ಲಿ ಇರುವುದು ಒಂದೇ ಮೇಜಿನ ಮೇಲೆ ಬರುತ್ತವೆ, ಕೈ ಬೇರೆ ಅಂತ ಪರೀಕ್ಷಕರಿಗೆ ತಕ್ಷಣ ಗೊತ್ತಾಗುತ್ತದೆ.

ಹಂತ 10: ಮುಂದೆ ಏನು, ಮತ್ತು ಪಿಯುಸಿ ಮಕ್ಕಳ ದಾರಿ

ಪಿಯುಸಿ ಓದುವವರಿಗೆ ಮೊದಲ ಮಾತು: ಚಿತ್ರಕಲೆಗಾಗಿ ಪಿಯುಸಿ ಬಿಡಬೇಡಿ. ಯಾವ ಕಾಂಬಿನೇಷನ್ ಆದರೂ ಸರಿ, ಪಾಸಾಗಿ. ಬಿವಿಎ, ಅಂದರೆ ನಾಲ್ಕು ವರ್ಷದ ದೃಶ್ಯಕಲಾ ಪದವಿಗೆ, ಪಿಯುಸಿ ಆಗಿರಬೇಕು. ಜೊತೆಗೆ ರಾಜ್ಯದ ಪರೀಕ್ಷಾ ಮಂಡಳಿ ನಡೆಸುವ ಡ್ರಾಯಿಂಗ್ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗಳನ್ನು ಕಟ್ಟಿ. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಿಗೆ ಇದರ ವಿವರ ಗೊತ್ತಿರುತ್ತದೆ. ಮೇಲೆ ಹೇಳಿದ 5, 6, 7ನೇ ಹಂತಗಳು ನಿಮಗೂ ಹಾಗೇ ಅನ್ವಯ.

ನಮ್ಮಲ್ಲಿ ಬಿವಿಎಗೆ ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ ಅಂತ ಕರೆಯುವ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ದಾವಣಗೆರೆಯ ದೃಶ್ಯಕಲಾ ಕಾಲೇಜು ಇವೆ. ಕಲಬುರಗಿಯಲ್ಲೂ ಇದೆ. ಹೊರಗೆ ಬರೋಡಾ, ಶಾಂತಿನಿಕೇತನ, ಮುಂಬೈನ ಜೆ.ಜೆ. ಸ್ಕೂಲ್. ಕಾಲೇಜು ಆರಿಸುವ ಮುಂಚೆ ಒಂದು ಸಲ ಹೋಗಿ ಸ್ಟುಡಿಯೋ ನೋಡಿ, ಅಲ್ಲಿಯ ವಿದ್ಯಾರ್ಥಿಗಳ ಹತ್ತಿರ ಮಾತಾಡಿ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಯುತ್ತದಲ್ಲ, ಆಗ ರಾಜ್ಯದ ಮೂಲೆಮೂಲೆಯ ಕಲಾವಿದರು ಒಂದೇ ರಸ್ತೆಯಲ್ಲಿ ಸಿಗುತ್ತಾರೆ. ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿ. "ಚಿತ್ರ ಬಿಡಿಸಿ ಹೊಟ್ಟೆ ತುಂಬುತ್ತಾ" ಅನ್ನುವ ಪ್ರಶ್ನೆಯನ್ನು ಅವರು ಅಲ್ಲಿರುವವರನ್ನೇ ಕೇಳಲಿ. ಉತ್ತರ ಒಂದೇ ತರಹ ಇರುವುದಿಲ್ಲ, ಆದರೆ ನಿಜ ಇರುತ್ತದೆ.

ಡಿಸೈನ್ ಕಡೆ ಹೋಗುವವರಿಗೆ ಎನ್‌ಐಡಿ ಅನ್ನುವ ಡಿಸೈನ್ ಸಂಸ್ಥೆಗೆ ಡ್ಯಾಟ್, ಐಐಟಿಗಳ ಡಿಸೈನ್ ಪದವಿ ಬಿ.ಡೆಸ್‌ಗೆ ಯುಸೀಡ್, ಫ್ಯಾಷನ್ ಸಂಸ್ಥೆ ನಿಫ್ಟ್‌ಗೆ ಅದರದ್ದೇ ಪ್ರವೇಶ ಪರೀಕ್ಷೆ ಇವೆ. ಇಲ್ಲಿ ಜಾರುವುದು ಒಂದೇ ಕಡೆ, ತಾರೀಖಿನಲ್ಲಿ. ಬೋರ್ಡ್ ಪರೀಕ್ಷೆ ಮುಗಿದ ಮೇಲೆ ನೋಡೋಣ ಅಂತ ಕೂತರೆ ಮುಗಿಯಿತು. ಯುಸೀಡ್ ಪರೀಕ್ಷೆಯೇ ಜನವರಿಯಲ್ಲಿ ಆಗಿಹೋಗಿರುತ್ತದೆ, ಅರ್ಜಿ ಅದಕ್ಕೂ ತಿಂಗಳುಗಳ ಮುಂಚೆ. 12ನೇ ಕ್ಲಾಸು ಅಥವಾ ಎರಡನೇ ಪಿಯುಸಿಯ ಸೆಪ್ಟೆಂಬರ್‌ನಿಂದಲೇ ಆಯಾ ಸಂಸ್ಥೆಯ ವೆಬ್‌ಸೈಟ್ ವಾರಕ್ಕೊಮ್ಮೆ ನೋಡುತ್ತಿರಿ.

ಬಿವಿಎ ಪ್ರವೇಶಕ್ಕೆ ಸಾಮಾನ್ಯವಾಗಿ ಡ್ರಾಯಿಂಗ್ ಪರೀಕ್ಷೆ, ಸಂದರ್ಶನ ಇರುತ್ತದೆ. ಸಂದರ್ಶನಕ್ಕೆ ಹೋಗುವಾಗ ಮನೆಯಲ್ಲಿರುವ ಎಲ್ಲವನ್ನೂ ಹೊತ್ತುಕೊಂಡು ಹೋಗಬೇಡಿ. ಹದಿನೈದರಿಂದ ಇಪ್ಪತ್ತು ಒಳ್ಳೆಯ ಕೆಲಸ, ಅದರ ಜೊತೆ ನಿಮ್ಮ ಸ್ಕೆಚ್ ಪುಸ್ತಕ. ಅರ್ಧ ಗೀಚಿದ, ಕಾಫಿ ಕಲೆಯಾದ ಪುಸ್ತಕವೇ ಆಗಲಿ ಪರವಾಗಿಲ್ಲ, ಕೇಳುವವರು ಹೆಚ್ಚಾಗಿ ಅದನ್ನೇ ತಿರುವಿ ನೋಡುತ್ತಾರೆ. ಹಾಳೆಗಳನ್ನು ಸುರುಳಿ ಸುತ್ತಬೇಡಿ, ಮೇಜಿನ ಮೇಲೆ ನಿಲ್ಲದೆ ಮತ್ತೆ ಮತ್ತೆ ಸುತ್ತಿಕೊಳ್ಳುತ್ತವೆ. ಎರಡು ರಟ್ಟಿನ ನಡುವೆ ಚಪ್ಪಟೆಯಾಗಿ ಇಟ್ಟು ದಾರ ಕಟ್ಟಿ. ಶಾಲೆಗೆ ಕೊಟ್ಟ ಚಿತ್ರ ವಾಪಸ್ ಬರುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಹಾಗಾಗಿ ಕೊಡುವ ಮುಂಚೆಯೇ ಪ್ರತಿಯೊಂದರ ಫೋಟೋ ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ನೇರವಾಗಿ ಮೇಲಿನಿಂದ ತೆಗೆದಿಟ್ಟುಕೊಳ್ಳಿ.